ಮನೆಯಿಲ್ಲದ ಬಾಗಿಲು

ಗುಬ್ಬಿಯ ಕಾಲೇಜು ಮೈದಾನದ ಎದುರಿಗೆ ಇಸಾಕ್ ಸಾಬರ ಮರಗೆಲಸದ ಅಂಗಡಿ. ಅದರ ಹೊರಗೋಡೆಗೆ ಆನಿಸಿಟ್ಟ ಹಲಗೆಯೊಂದು ಹನ್ನೊಂದು ವರ್ಷದಿಂದ ಅಲ್ಲೇ ನಿಂತಿತ್ತು. ಬಸ್ಸಿನ ನೆಲಕ್ಕೆ ಹಾಕುವ ದಪ್ಪ ಪ್ಲೈವುಡ್ಡು, ಆರೂವರೆ ಅಡಿ ಉದ್ದ, ಒಬ್ಬ ಮನುಷ್ಯ ಅಂಗಾತ ಮಲಗುವಷ್ಟು ಅಗಲ. ಎರಡೂ ಅಂಚಿಗೆ ಕೈ ತೂರಿಸಿ ಎತ್ತಲು ಕಿಂಡಿಗಳು, ನಡುವೆ ಮೂರು ಕಡೆ ಹಳೆಯ ಲಾರಿ ಸೀಟಿನ ಬೆಲ್ಟು. ಸಾಬರು ಅದನ್ನು ಮಾಡಿದ್ದು ಹೆಂಡತಿ ರಹಿಮಾ ಬೀ ಕೇಳಿದರೆಂದು. ಯಾಕೆಂದು ಅವರು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಮೈಕ್‌ಸೆಟ್ ಬೆಟ್ಟಸ್ವಾಮಿಗೆ ಮಾತ್ರ ಆ ಹಲಗೆ ಕಂಡರೆ ಬಾಯಿ ಸುಮ್ಮನಿರುತ್ತಿರಲಿಲ್ಲ.

"ಏನ್ ಸಾಬ್ರೇ, ಬಾಗ್ಲು ರೆಡಿಯಾಗಿ ಹನ್ನೊಂದು ವರ್ಷ ಆಯ್ತು. ಮನೆ ಯಾವಾಗ ಕಟ್ಟುಸ್ತೀರಿ?"

"ನೀನು ಮೈಕಲ್ಲಿ ಕೂಗ್ಸು ಕಣಯ್ಯ, ಸೈಟ್ ಇರೋರು ಯಾರಾದ್ರೂ ಬರ್ತಾರೆ," ಎನ್ನುತ್ತಿದ್ದರು ಸಾಬರು.

ಬೆಟ್ಟಸ್ವಾಮಿ ದಿನಾ ಬರುತ್ತಿದ್ದದ್ದು ಅರ್ಷದ್‌ಗಾಗಿ. ಅರ್ಷದ್ ರಹಿಮಾ ಬೀಯ ತಮ್ಮ. ಅಂಗಡಿಯ ಮೂಲೆಯಲ್ಲಿ, ಭಾವ ಸೈಕಲ್ ಚಕ್ರ ಹಾಕಿ ಮಾಡಿಕೊಟ್ಟ ಕುರ್ಚಿಯಲ್ಲಿ ಕುಳಿತು, ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದ. ಬೆಟ್ಟಸ್ವಾಮಿಯ ಆಂಪ್ಲಿಫೈಯರು ವಾರಕ್ಕೊಂದು ಸಲ ಕೆಡುತ್ತಿತ್ತು. ಕೆಡದಿದ್ದ ದಿನವೂ ಅವನು ಟೀ ಹಿಡಿದುಕೊಂಡು ಬಂದು, ಅರ್ಷದ್‌ನ ಪಕ್ಕ ಕೂತು ಊರಿನ ಸುದ್ದಿಯೆಲ್ಲ ಒಪ್ಪಿಸಿ ಹೋಗುತ್ತಿದ್ದ. ಹೊರಗೆ ಹೋಗಲಾರದವನಿಗೆ ಊರನ್ನೇ ಹೊತ್ತು ತರುತ್ತಾನೆ ಅಂತ ರಹಿಮಾ ಬೀಗೆ ಅವನ ಮೇಲೆ ಒಳಗೊಳಗೇ ಅಕ್ಕರೆ. ಬಾಗಿಲಿನ ತಮಾಷೆಗೆ ಮಾತ್ರ ಅವರು ನಗುತ್ತಿರಲಿಲ್ಲ.

ತೊಂಬತ್ತಮೂರರಲ್ಲಿ, ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ, ಕೊಬ್ಬರಿ ಮೂಟೆ ಏರಿಸಲು ಬಸ್ಸಿನ ಮೇಲೆ ಹತ್ತಿದ್ದ ಅರ್ಷದ್ ಕಾಲು ಜಾರಿ ಕೆಳಗೆ ಬಿದ್ದ. ಆಗ ಅವನಿಗೆ ಇಪ್ಪತ್ತೆರಡು. ಸುದ್ದಿ ತಿಳಿದು ಓಡಿಹೋದ ರಹಿಮಾ ಬೀ ಅವನ ತಲೆಯನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು, ಅವನು ಕೇಳಿದನೆಂದು ಯಾರೋ ಕೊಟ್ಟ ಲೋಟದಿಂದ ನೀರು ಕುಡಿಸಿದರು. ಆಮೇಲೆ ನಾಲ್ಕು ಜನ ಅವನನ್ನು ಮಡಿಸಿ ಆಟೋದಲ್ಲಿ ತುರುಕಿ ತುಮಕೂರಿಗೆ ಒಯ್ದರು. ಅವನ ಕಾಲಿಗೆ ಮತ್ತೆ ಜೀವ ಬರಲಿಲ್ಲ. ಅಲ್ಲಿನ ಮುದುಕ ಡಾಕ್ಟರು ಬೈಯಲಿಲ್ಲ. ರಹಿಮಾ ಬೀಯ ಎರಡು ಕೈಗಳನ್ನು ಹಿಡಿದು ತಮ್ಮ ಕಾಂಪೌಂಡರನ ಕಿವಿಗಳ ಮೇಲೆ ಇರಿಸಿ, "ಇನ್ನು ಮುಂದೆ ಯಾರಿಗಾದರೂ ಹೀಗಾದರೆ ಹೀಗೆ ಹಿಡ್ಕೋಬೇಕಮ್ಮ. ಕತ್ತು ಅಲ್ಲಾಡಬಾರದು. ಕೂರಿಸಬೇಡಿ, ಮಡಿಸಬೇಡಿ, ಹಲಗೆ ಮೇಲೆ ನೆಟ್ಟಗೆ ಮಲಗಿಸಿ. ನೀರು ಕೊಡಬೇಡಿ," ಎಂದು ಹೇಳಿಕೊಟ್ಟರು.

ಆ ಮಾತು ರಹಿಮಾ ಬೀಯ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ತಲೆ ಎತ್ತಿದ್ದು ನಾನು, ನೀರು ಕುಡಿಸಿದ್ದು ನಾನು. ಗಂಡನಿಗೂ ಹೇಳಲಿಲ್ಲ, ಅರ್ಷದ್‌ನನ್ನಂತೂ ಕೇಳಲೇ ಇಲ್ಲ. ಮುಂದಿನ ವಾರವೇ ಹಲಗೆ ಮಾಡಿಸಿದರು.

ಹಲಗೆ ಒಂದು ಸಲವೂ ಅದರ ಕೆಲಸಕ್ಕೆ ಒದಗಿರಲಿಲ್ಲ. ಎರಡು ಸಲ ರಸ್ತೆಯಲ್ಲಿ ಅಪಘಾತವಾದಾಗ ಗಂಡ ಹೆಂಡತಿ ಅದನ್ನು ಹೊತ್ತು ಓಡಿದ್ದರು. ಎರಡು ಸಲವೂ ಜನ ಗಾಯಾಳುವನ್ನು ಆಗಲೇ ಟೆಂಪೋಗೆ ಹಾಕಿ ಕಳಿಸಿಬಿಟ್ಟಿದ್ದರು. ಮದುವೆ ಮನೆಯವರು ಪೂರಿ ಲಟ್ಟಿಸಲು, ನೆರೆಯವರು ಸಂಡಿಗೆ ಒಣಗಿಸಲು ಅದನ್ನು ಒಯ್ಯುತ್ತಿದ್ದರು. ರಹಿಮಾ ಬೀ ಇಲ್ಲ ಎನ್ನುತ್ತಿರಲಿಲ್ಲ. "ಸಾಯಂಕಾಲದೊಳಗೆ ತೊಳೆದು ತಂದಿಡಿ" ಎಂದಷ್ಟೇ ಹೇಳುತ್ತಿದ್ದರು.

ಎರಡು ಸಾವಿರದ ನಾಲ್ಕರ ಏಪ್ರಿಲ್ಲು, ಚುನಾವಣೆಯ ಕಾಲ. ಮೈದಾನದಲ್ಲಿ ಸಭೆ, ದೊಡ್ಡ ಮುಖಂಡರೊಬ್ಬರು ಹೆಲಿಕಾಪ್ಟರಿನಲ್ಲಿ ಬರುತ್ತಾರೆಂದು ಸುದ್ದಿ. ಮೈದಾನದ ಒಂದು ಭಾಗಕ್ಕೆ ನೀರು ಚಿಮುಕಿಸಿ, ಸುಣ್ಣದಲ್ಲಿ ದೊಡ್ಡ ವೃತ್ತ ಬರೆದಿದ್ದರು. ಸಿ.ಎಸ್. ಪುರ, ಕುಣಿಗಲ್ ಕಡೆಯಿಂದೆಲ್ಲ ಬಸ್ಸು, ಟ್ರ್ಯಾಕ್ಟರು ಬಂದು ತುಮಕೂರು ರಸ್ತೆಯುದ್ದಕ್ಕೂ ನಿಂತಿದ್ದವು. ಭಾಷಣ ಕೇಳುವುದಕ್ಕಿಂತ ಹೆಲಿಕಾಪ್ಟರು ನೋಡಲು ಬಂದವರೇ ಹೆಚ್ಚು.

ಹನ್ನೊಂದು ಗಂಟೆಗೆ ಸಭೆ ಅಂತ ಹಾಕಿದ್ದರು. ಹನ್ನೊಂದು ಅಂದರೆ ಎರಡು ಅಂತ ಎಲ್ಲರಿಗೂ ಗೊತ್ತು. ಬೆಟ್ಟಸ್ವಾಮಿಗೂ ಗೊತ್ತು. ಹತ್ತೂಮುಕ್ಕಾಲಿಗೆ ಅವನು ಮೈದಾನದ ಅಂಚಿನ ತೆಂಗಿನ ಮರ ಹತ್ತಿದ. ಅದಕ್ಕೆ ಕಟ್ಟಿದ್ದ ಸ್ಪೀಕರಿನ ಮುಖ ಗಾಳಿಗೆ ತಿರುಗಿಹೋಗಿತ್ತು.

"ಬ್ಯಾಡ ಕಣೋ, ಇಳಿಯೋ, ಅವ್ರು ಬರೋ ಹೊತ್ತಾಯ್ತು!" ಎಂದು ಅರ್ಷದ್ ಅಂಗಡಿಯೊಳಗಿಂದ ಕೂಗಿದ.

"ಯಾವ ಲೀಡರ್‌ಲಾ ಹೇಳಿದ್ ಟೈಮಿಗ್ ಬಂದವ್ನೆ? ಸುಮ್ಕಿರು ನೀನು!"

ಅವತ್ತೊಂದು ದಿನ ಬಂದರು. ಅದೂ ಕಾಲು ಗಂಟೆ ಮೊದಲೇ. ತೆಂಗಿನ ತೋಪಿನ ಹಿಂದಿನಿಂದ ಭರ್ರೆಂದು ಬಂದ ಹೆಲಿಕಾಪ್ಟರು ಸುಣ್ಣದ ವೃತ್ತದ ಮೇಲೆ ಇಳಿಯತೊಡಗಿತು. ಶಾಮಿಯಾನ ಹಾರಿತು, ಟೋಪಿಗಳು ಹಾರಿದವು, ಜನ ಕಣ್ಣು ಮುಚ್ಚಿಕೊಂಡು ನಕ್ಕರು. ತೆಂಗಿನ ಗರಿಗಳು ಛತ್ರಿಯ ಹಾಗೆ ಮಗುಚಿಕೊಂಡವು. ಎರಡು ಆಳೆತ್ತರದಲ್ಲಿದ್ದ ಬೆಟ್ಟಸ್ವಾಮಿ ಸ್ಪೀಕರಿನ ಸಮೇತ ಕೆಳಗೆ ಬಿದ್ದ. ಎಲ್ಲರ ಕಣ್ಣೂ ಹೆಲಿಕಾಪ್ಟರಿನ ಮೇಲಿತ್ತು. ಅವನು ಬಿದ್ದದ್ದನ್ನು ಕಂಡವನು ಅಂಗಡಿಯ ಮೂಲೆಯಲ್ಲಿದ್ದ ಅರ್ಷದ್ ಒಬ್ಬನೇ.

"ಆಪಾ!" ಎಂದು ಅಕ್ಕನನ್ನು ಕೂಗಿ ಕಿರುಚಿದ. "ಆಪಾ, ಹಲಗೆ!"

ರಹಿಮಾ ಬೀ ರಸ್ತೆ ದಾಟಿ ಹೋಗುವಷ್ಟರಲ್ಲಿ ಮೂರು ಜನ ಬೆಟ್ಟಸ್ವಾಮಿಯ ತೋಳಿಗೆ ಕೈ ಹಾಕಿದ್ದರು.

"ಬಿಡ್ರೀ! ಎತ್ತಬೇಡ್ರೀ!" ಐವತ್ತು ವರ್ಷದಲ್ಲಿ ಅವರು ಬೀದಿಯಲ್ಲಿ ನಿಂತು ಹಾಗೆ ಕೂಗಿದ್ದು ಅದೇ ಮೊದಲು. ಗಾಬರಿಯಾಗಿ ಆ ಮೂವರೂ ಕೈ ಬಿಟ್ಟರು. ರಹಿಮಾ ಬೀ ಅವನ ತಲೆಯ ಹಿಂದೆ ಮಣ್ಣಿನಲ್ಲಿ ಕುಳಿತು, ಮೊಣಕೈ ಎರಡನ್ನೂ ನೆಲಕ್ಕೂರಿ, ಅವನ ಕಿವಿಗಳ ಮೇಲೆ ಅಂಗೈಯಿಟ್ಟು ಹಿಡಿದರು. ಅಲ್ಲಾಡಬೇಡ, ಅಲ್ಲಾಡಬೇಡ ಎಂದು ತಮ್ಮ ಕೈಗೆ ತಾವೇ ಹೇಳಿಕೊಂಡರು.

"ರಹಿಮಮ್ಮಾ," ಎಂದ ಬೆಟ್ಟಸ್ವಾಮಿ, ಉಸಿರು ಎಳೆಯುತ್ತ. "ಕಾಲು ಜೋಂ ಅಂತೈತೆ."

"ಮಾತಾಡಬೇಡ ಕಣಪ್ಪ. ತಲೆ ಆಡಿಸಬೇಡ."

"ನೀರು... ಒಸಿ ನೀರು ಕೊಡಿ."

ಹನ್ನೊಂದು ವರ್ಷದ ಹಿಂದೆ ಅರ್ಷದ್ ಆಡಿದ ಅದೇ ಮಾತು, ಅದೇ ಒಣಗಿದ ತುಟಿ. ಯಾರೋ ಆಗಲೇ ಚೊಂಬು ತಂದಿದ್ದರು.

"ಬೇಡ. ಕೊಡಬೇಡಿ," ಎಂದರು ರಹಿಮಾ ಬೀ.

"ಪಾಪ, ಕೇಳ್ತಾ ಅವ್ನಲ್ಲಮ್ಮಾ!" ಎಂದಿತು ಗುಂಪು. ಅಷ್ಟರಲ್ಲಿ ಜನರನ್ನು ನೂಕಿಕೊಂಡು ಬೆಟ್ಟಸ್ವಾಮಿಯ ಹೆಂಡತಿ ಸಿದ್ದಲಕ್ಷ್ಮಮ್ಮ ಬಂದಳು. ಕುಣಿಗಲ್ ಕಡೆಯ ಹೆಣ್ಣು, ಗಟ್ಟಿಗಿತ್ತಿ. ಗಂಡನನ್ನು ಕಂಡವಳೇ ಚೊಂಬು ಕಿತ್ತುಕೊಂಡಳು.

"ಕೈ ತೆಗೀರಿ! ನೀರು ಕುಡ್ಸ್‌ಬೇಕು ಅವ್ರಿಗೆ!"

"ಸಿದ್ದಲಕ್ಷ್ಮಿ, ತಲೆ ಎತ್ತಿದ್ರೆ ಕತ್ತು ಹೋಗುತ್ತೆ ಕಣಮ್ಮ. ನೀರು ಉಸಿರಿಗೆ ಸಿಕ್ಕೊಳ್ಳುತ್ತೆ."

"ಸಾಯೋ ಹಂಗಿರೋರ್‌ಗೂ ನೀರು ಬ್ಯಾಡ ಅಂತೀರಲ್ಲ, ನೀವೂ ಒಬ್ರು ಹೆಂಗ್ಸಾ?"

ಆ ಮಾತು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ರಹಿಮಾ ಬೀಯ ಕಣ್ಣೀರು ಇಳಿದು ಮೂಗಿನ ತುದಿಗೆ ಬಂತು. ಒರೆಸಿಕೊಳ್ಳಲು ಕೈ ಬಿಡುವಂತಿಲ್ಲ. "ನನ್ನ ಆಮೇಲೆ ಬೈಯಮ್ಮ, ದಿನಾ ಬಂದು ಬೈಯಿ. ಈಗ ಬೇಡ," ಎಂದರು.

"ಅವರು ಹೇಳ್ತಿರೋದು ಸರಿ. ಎಲ್ಲ ಹಿಂದೆ ಸರೀರಿ!"

ಹಾಗೆಂದದ್ದು ಮುಖಂಡರ ಬಂದೋಬಸ್ತಿಗೆಂದು ಸರ್ಕಾರಿ ಆಸ್ಪತ್ರೆಯಿಂದ ಬಂದಿದ್ದ ಡಾಕ್ಟರು, ಚೈತನ್ಯ ಎಂಬ ಎಳೆ ವಯಸ್ಸಿನ ಹೆಣ್ಣುಮಗಳು. ಬೆಟ್ಟಸ್ವಾಮಿಯ ಪಕ್ಕ ಮಂಡಿಯೂರಿ, ಎದೆ ಮುಟ್ಟಿ, ಕೈಬೆರಳು ಅಲ್ಲಾಡಿಸಲು ಹೇಳಿದಳು. ಆಡಿದವು, ಸ್ವಲ್ಪ. ಕಾಲಿನ ಹೆಬ್ಬೆರಳು ಚಿವುಟಿದಳು. ಅದೂ ಮಿಸುಕಿತು.

"ನರ ಇನ್ನೂ ಉಳಿದಿದೆ," ಎಂದಳು ಮೆಲ್ಲಗೆ, ರಹಿಮಾ ಬೀಗೆ ಮಾತ್ರ ಕೇಳುವ ಹಾಗೆ. "ಕತ್ತಿನ ಮೂಳೆ ಮುರಿದಿರಬೇಕು. ಒಂದು ಸಲ ಕುಲುಕಿದರೂ ಕೈಕಾಲೆರಡೂ ಹೋಗಬಹುದು. ಪಕ್ಕೆಲುಬೂ ಮುರಿದು ಉಸಿರಿಗೆ ತೊಂದರೆಯಾಗ್ತಿದೆ. ನಿಮಗೆ ಹೀಗೆ ಹಿಡಿಯೋದು ಯಾರು ಹೇಳಿಕೊಟ್ಟರು?"

"ಒಬ್ಬರು ಡಾಕ್ಟರು. ಆಗ ಹೊತ್ತು ಮೀರಿತ್ತು."

ಡಾಕ್ಟರು ಚೊಂಬಿನ ಕಡೆ ತಿರುಗಿದಳು. ಸಿದ್ದಲಕ್ಷ್ಮಮ್ಮನ ಸೆರಗಿನ ತುದಿಯನ್ನು ಅದೇ ಚೊಂಬಿನಲ್ಲಿ ಅದ್ದಿ, "ತುಟಿಗೆ ಮಾತ್ರ ಒತ್ತಿ, ಅಮ್ಮ. ಅಷ್ಟು ಸಾಕು," ಎಂದು ಅವಳ ಕೈಗೇ ಕೊಟ್ಟಳು. ಆ ಕೆಲಸ ಸಿಕ್ಕಿದ ಮೇಲೆ ಸಿದ್ದಲಕ್ಷ್ಮಮ್ಮನ ಕೂಗು ಅಡಗಿತು.

ಇಸಾಕ್ ಸಾಬರು ಹಲಗೆ ತಂದಿದ್ದರು. ಡಾಕ್ಟರು ಒಂದು, ಎರಡು, ಮೂರು ಎಂದಾಗ ಆರು ಜನ ಬೆಟ್ಟಸ್ವಾಮಿಯನ್ನು ಮರದ ದಿಮ್ಮಿಯ ಹಾಗೆ ಒಟ್ಟಿಗೇ ಪಕ್ಕಕ್ಕೆ ಹೊರಳಿಸಿದರು, ತಲೆಯನ್ನು ಅದೇ ಅಂದಾಜಿನಲ್ಲಿ ರಹಿಮಾ ಬೀ ಹೊರಳಿಸಿದರು, ಸಾಬರು ಹಲಗೆ ಕೆಳಗೆ ಸರಿಸಿ, ಮಲಗಿಸಿದ ಮೇಲೆ ಮೂರೂ ಬೆಲ್ಟು ಬಿಗಿದರು. ತಲೆಯ ಎರಡು ಪಕ್ಕಕ್ಕೆ ಇಡಲು ಮೆತ್ತಗಿನದೇನಾದರೂ ಬೇಕು ಎಂದಾಗ, ವೇದಿಕೆಯ ಉಸ್ತುವಾರಿ ನೋಡುತ್ತಿದ್ದ ಲಕ್ಷ್ಮೀನರಸಿಂಹಯ್ಯನವರು ಮುಖಂಡರಿಗೆ ಹೊದಿಸಲು ತಂದಿದ್ದ ಎರಡು ಶಾಲುಗಳನ್ನು ಸುರುಳಿ ಸುತ್ತಿ ಕೊಟ್ಟರು.

"ಆಂಬುಲೆನ್ಸು?" ಎಂದರು ಸಾಬರು.

ಡಾಕ್ಟರು ರಸ್ತೆಯ ಕಡೆ ನೋಡಿದಳು. ಕಣ್ಣು ಹಾಯುವವರೆಗೆ ಬಸ್ಸು, ಟ್ರ್ಯಾಕ್ಟರು, ಜನ. "ತುಮಕೂರು ಸೇರೋಕೇ ಎರಡು ಗಂಟೆ ಬೇಕು. ಈ ಆಪರೇಷನ್ನು ಆಗೋದು ಬೆಂಗಳೂರಲ್ಲಿ. ಈ ಗುಂಡಿಗಳ ಮೇಲೆ..." ಮಾತು ಮುಗಿಸಲಿಲ್ಲ. ಮೈದಾನದ ನಡುವೆ ನಿಂತಿದ್ದ ಹೆಲಿಕಾಪ್ಟರಿನ ಕಡೆ ನೋಡಿ, ಎದ್ದು ವೇದಿಕೆಗೆ ಓಡಿದಳು.

ವೇದಿಕೆಯ ಮೇಲೆ ಏನು ಮಾತಾಯಿತೋ ರಹಿಮಾ ಬೀಗೆ ಕೇಳಿಸಲಿಲ್ಲ. ಯಾರೋ ಜೋರಾಗಿ ಆಗಲ್ಲ ಎಂದರು, ಯಾರೋ ಶಿರಾದ ಸಭೆ ಎಂದರು. ಆಮೇಲೆ ಆ ಮುಖಂಡರೇ ಇಳಿದು ಬಂದರು. ಬಿಳೀ ಕೂದಲಿನ ಮನುಷ್ಯ. ಬೆಟ್ಟಸ್ವಾಮಿಯನ್ನೂ, ತಲೆ ಹಿಡಿದು ಕೂತ ಹೆಂಗಸನ್ನೂ ಒಂದು ಗಳಿಗೆ ನೋಡಿದರು.

"ನನ್ನ ಗಾಳಿಗೇ ಬಿದ್ದವನು. ತಗೊಂಡು ಹೋಗಿ. ಶಿರಾಕ್ಕೆ ನಾನು ಕಾರಲ್ಲಿ ಹೋಗ್ತೀನಿ."

"ಸರ್, ಕಾರೂ ಹೋಗೋಕೆ ಜಾಗ ಇಲ್ಲ," ಎಂದ ಹಿಂದಿನವನು.

"ಹಂಗಾದ್ರೆ ಎರಡು ಗಂಟೆ ಭಾಷಣ ಮಾಡ್ತೀನಿ ಬುಡಿ."

ಪೈಲಟ್ಟು ಉತ್ತರ ಭಾರತದ ಕಡೆಯವನು, ಮೊದಲು ಸೈನ್ಯದಲ್ಲಿದ್ದವನು. ಅವನ ಹಿಂದಿ ಅಲ್ಲಿ ಚೆನ್ನಾಗಿ ತಿಳಿದದ್ದು ರಹಿಮಾ ಬೀಗೆ. ಹಿಮದ ಬೆಟ್ಟಗಳಿಂದ ಗಾಯವಾದ ಸಿಪಾಯಿಗಳನ್ನು ಹೀಗೇ ಹೊತ್ತು ತಂದಿದ್ದೇನೆ, ಹೆದರಬೇಡಿ ಅಮ್ಮ ಎಂದ. ಅವನೂ ಜೊತೆಗಿದ್ದ ಮೆಕ್ಯಾನಿಕ್ಕೂ ಮುಂದಿನ ಒಂದು ಸೀಟನ್ನು ಬಿಚ್ಚಿ ಕೆಳಗಿಳಿಸಿದರು. ಕಾಲು ಮುಂದಕ್ಕೆ, ತಲೆ ಹಿಂದಕ್ಕೆ ಮಲಗಿಸಬೇಕು. ಪೈಲಟ್ಟು ಟೇಪು ಹಿಡಿದು ಅಳೆದ. ಹಲಗೆಯ ಬಳಿ ಬಂದು ಅಳೆದ. ತಲೆಯಾಡಿಸಿದ. ಒಂದು ಗೇಣು ಹೆಚ್ಚಾಗುತ್ತಿತ್ತು.

"ಇಳಿಸಿ ಬೇರೆ ಹಲಗೆ..." ಎಂದ ಯಾರೋ.

"ಮತ್ತೆ ಇಳಿಸೋದು ಬೇಡ," ಎಂದಳು ಡಾಕ್ಟರು.

ಇಸಾಕ್ ಸಾಬರು ಬಗ್ಗಿ ನೋಡಿದರು. ಬೆಟ್ಟಸ್ವಾಮಿ ಕುಳ್ಳ ಆಸಾಮಿ. ಅವನ ಹಿಮ್ಮಡಿಯ ಆಚೆ ಹಲಗೆ ಒಂದೂವರೆ ಗೇಣು ಖಾಲಿಯಿತ್ತು. ಸಾಬರು ಅಂಗಡಿಗೆ ಹೋಗಿ ಸಣ್ಣ ಹಲ್ಲಿನ ಗರಗಸ ತಂದರು.

ಬೆಟ್ಟಸ್ವಾಮಿಯ ಸಮೇತ ಹಲಗೆಯನ್ನು ಎರಡು ಬೆಂಚಿನ ಮೇಲಿಟ್ಟರು. ಅದು ಕಂಪಿಸದಂತೆ ಎಂಟು ಜನ ಸುತ್ತ ನಿಂತು ಅಂಗೈ ಒತ್ತಿ ಹಿಡಿದರು. ಒಂದು ಪಕ್ಷದ ಶಾಲಿನವನೂ, ಇನ್ನೊಂದು ಪಕ್ಷದವನೆಂದು ಊರಿಗೆಲ್ಲ ಗೊತ್ತಿದ್ದ ವೆಂಕಟರಂಗಯ್ಯನೂ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಸಾಬರು ಬಿಸ್ಮಿಲ್ಲಾ ಎಂದು, ಗರಗಸವನ್ನು ತನ್ನ ತೂಕಕ್ಕೆ ತಾನೇ ಇಳಿಯುವ ಹಾಗೆ, ಬಲು ನಿಧಾನವಾಗಿ ಎಳೆದರು. ಮೈದಾನದಲ್ಲಿದ್ದ ಅಷ್ಟು ಸಾವಿರ ಜನಕ್ಕೂ ಗರಗಸದ ಸದ್ದು ಕೇಳುತ್ತಿತ್ತು. ರಹಿಮಾ ಬೀಯ ಬೆರಳಿಗೆ ಮಾತ್ರ ಆ ಕೊಯ್ತದ ಅದುರು ತಲುಪಲೇ ಇಲ್ಲ.

"ಸಾಬ್ರೇ," ಎಂದ ಬೆಟ್ಟಸ್ವಾಮಿ, ಕಣ್ಣು ಮುಚ್ಚಿಕೊಂಡೇ. "ಬಾಗ್ಲು... ಕುಯ್ತಾ ಇದೀರಾ?"

"ಹೂಂ ಕಣಯ್ಯ. ಮನೆ ಸಿಕ್ತು."

ತುಂಡು ಕಳಚಿ ಬಿತ್ತು.

ಒಳಗೆ ಹಿಡಿಸುವುದು ಪೈಲಟ್ಟೂ ಬೆಟ್ಟಸ್ವಾಮಿಯೂ ಅಲ್ಲದೆ ಇನ್ನಿಬ್ಬರು. ಉಸಿರು ನಿಂತರೆ ಬಾಯಿಗೆ ಗಾಳಿ ತುಂಬುವ ರಬ್ಬರ್ ಚೀಲ ಒತ್ತಲು ಡಾಕ್ಟರ ಎರಡು ಕೈಯೂ ಬೇಕು. "ತಲೆ ನೀವೇ ಹಿಡೀಬೇಕಮ್ಮ. ಬರ್ತೀರಾ?" ಎಂದು ಕೇಳಿದಳು. ತುಮಕೂರಿನ ಆಚೆಗೆ ಬಸ್ಸಿನಲ್ಲಿ ಹೋದರೂ ತಲೆಸುತ್ತು ಬರುವ ರಹಿಮಾ ಬೀ ಗಂಡನ ಮುಖ ನೋಡಿದರು. ಸಾಬರು "ಹೋಗು" ಎಂದರು. ಜಾಗವಿಲ್ಲದೆ ಕೆಳಗೇ ಉಳಿಯಬೇಕಾದ ಸಿದ್ದಲಕ್ಷ್ಮಮ್ಮ ಮುಂದೆ ಬಂದಳು. ಗಾಳಿಗೆ ಹಾರುತ್ತಿದ್ದ ರಹಿಮಾ ಬೀಯ ಸೆರಗನ್ನು ಎಳೆದು ಅವರ ತಲೆಗೆ ಬಿಗಿಯಾಗಿ ಸುತ್ತಿ, ತನ್ನ ತಾಳಿಯಲ್ಲಿದ್ದ ಪಿನ್ನು ಬಿಚ್ಚಿ ಸಿಕ್ಕಿಸಿದಳು. ಆಮೇಲೆ ಅವರ ಮೂಗಿನ ತುದಿ ಒರೆಸಿದಳು.

ಮೇಲಿನಿಂದ ಏನೇನು ಕಾಣಿಸಿತು ಅಂತ ಗುಬ್ಬಿಯ ಜನ ಆಮೇಲೆ ವರ್ಷಗಟ್ಟಲೆ ಕೇಳಿದರು. ಎಡಕ್ಕೆ ದೇವರಾಯನದುರ್ಗ ಎಂದು ಡಾಕ್ಟರು ಹೇಳಿದ್ದು ನೆನಪಿತ್ತು. ರಹಿಮಾ ಬೀ ನೋಡಿದ್ದು ಬೆಟ್ಟಸ್ವಾಮಿಯ ಹಣೆ, ಹುಬ್ಬು, ಮೂಗಿನ ಹೊಳ್ಳೆ. ಅದು ಅರಳಿದಾಗ ಒಂದು, ಮುಚ್ಚಿದಾಗ ಎರಡು ಎಂದು ಎಣಿಸುತ್ತ ಕೂತಿದ್ದರು. ನಡುವೆ ಒಮ್ಮೆ ಅವನ ಉಸಿರು ನಿಂತಂತಾಯಿತು. ಡಾಕ್ಟರು ಚೀಲ ಒತ್ತಿದಳು, ಮತ್ತೆ ಒತ್ತಿದಳು. ಪೈಲಟ್ಟು ಹಿಂದೆ ತಿರುಗದೆ, "ಹತ್ತೇ ನಿಮಿಷ, ಅಮ್ಮ" ಎಂದ. ಬೆನ್ನು ಬಿರಿಯುತ್ತಿತ್ತು, ಬೆರಳಿಗೆ ಸ್ಪರ್ಶಜ್ಞಾನವೇ ಇರಲಿಲ್ಲ. ಯಾ ಅಲ್ಲಾ, ಈ ಕೈ ಒಂದು ಸಲ ತಪ್ಪು ಮಾಡಿದೆ, ಇನ್ನೊಂದು ಸಲ ಮಾಡಿಸಬೇಡ. ಅದೊಂದೇ ಪ್ರಾರ್ಥನೆ. ಮೂಗಿನ ಹೊಳ್ಳೆ ಮತ್ತೆ ಅರಳಿತು.

ಬೆಂಗಳೂರಿನಲ್ಲಿ ಯಾವುದೋ ಮೈದಾನ, ಅಲ್ಲಿಂದ ಕಾದಿದ್ದ ಆಂಬುಲೆನ್ಸು, ಆಸ್ಪತ್ರೆಯ ಬಾಗಿಲು. ನೀಲಿ ಬಟ್ಟೆಯ ನರ್ಸೊಬ್ಬಳು ರಹಿಮಾ ಬೀಯ ಕೈಗಳ ಮೇಲೆ ತನ್ನ ಕೈಯಿಟ್ಟು, "ಈಗ ಬಿಡಿ ಅಮ್ಮ, ನಾನು ಹಿಡ್ಕೊಂಡಿದೀನಿ," ಎಂದಳು. ಬಿಡಲು ಆಗಲಿಲ್ಲ. ಬೆರಳು ಸೆಟೆದುಹೋಗಿದ್ದವು. ಇನ್ನೊಬ್ಬಳು ಒಂದೊಂದೇ ಬೆರಳನ್ನು ಬಿಡಿಸಿದಳು. ಆಮೇಲೆ ಎಲ್ಲಿಂದಲೋ ಒಂದು ಲೋಟ ಬಿಸಿ ಟೀ ಬಂತು. ಹಿಡಿದುಕೊಳ್ಳಲು ಕೈಲಾಗುವವರೆಗೆ ಡಾಕ್ಟರು ಚೈತನ್ಯ ಅದನ್ನು ಅವರ ತುಟಿಗೆ ತಾನೇ ಹಿಡಿದಳು.

ಅತ್ತ ಗುಬ್ಬಿಯಲ್ಲಿ ಮೈಕಿಲ್ಲದೆ, ಶಾಲಿಲ್ಲದೆ ಸಭೆ ನಡೆಯಿತಂತೆ. ಭಾಷಣ ಮೊದಲ ನಾಲ್ಕು ಸಾಲಿಗೂ ಸರಿಯಾಗಿ ಕೇಳಿಸಲಿಲ್ಲವಂತೆ. ಆದರೂ ಜನ ಎದ್ದು ಹೋಗಲಿಲ್ಲ. ಹೆಲಿಕಾಪ್ಟರು ವಾಪಸು ಬಂದು, "ಜೀವ ಇದೆ" ಎಂದು ಪೈಲಟ್ಟು ಕೈ ಎತ್ತಿ ತೋರಿಸಿದ ಮೇಲೇ ಎದ್ದರು.

ಕತ್ತಿನಲ್ಲಿ ಎರಡು ಮೂಳೆ ಮುರಿದಿತ್ತು, ನರ ಉಳಿದಿತ್ತು. ಆಪರೇಷನ್ ಆಗಿ, ತಿಂಗಳುಗಟ್ಟಲೆ ಮಲಗಿ, ಮೊದಲು ಕೂರಲು, ಆಮೇಲೆ ನಿಲ್ಲಲು ಕಲಿತು, ಬೆಟ್ಟಸ್ವಾಮಿ ಊರಿಗೆ ಬರುವ ಹೊತ್ತಿಗೆ ದಸರಾ ಕಳೆದಿತ್ತು. ಕತ್ತಿನ ಪಟ್ಟಿ ಬಿಚ್ಚಿದ ಮಾರನೆಯ ದಿನ, ಸಿದ್ದಲಕ್ಷ್ಮಮ್ಮನ ಭುಜದ ಮೇಲೆ ಕೈಯಿಟ್ಟುಕೊಂಡು, ಮನೆಯಿಂದ ಅಂಗಡಿಯವರೆಗೆ ನಡೆದೇ ಬಂದ. ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಹೊರಗೋಡೆಯ ಬಳಿ ನಿಂತ. ಡಾಕ್ಟರು ಆಸ್ಪತ್ರೆಯಿಂದ ಹುಡುಕಿ ಕಳಿಸಿದ್ದ ಹಲಗೆ ಅಲ್ಲೇ ಇತ್ತು, ಒಂದು ಗೇಣು ಗಿಡ್ಡವಾಗಿ. ಪಕ್ಕದಲ್ಲಿ ಅದೇ ಅಳತೆಯ ಇನ್ನೂ ಎರಡು ಹೊಸ ಹಲಗೆಗಳು. ಒಂದು ಬಸ್‌ಸ್ಟ್ಯಾಂಡಿಗೆ, ಒಂದು ಹಿರೇಹಳ್ಳಿಯ ಫ್ಯಾಕ್ಟರಿಯೊಂದಕ್ಕೆ. ಅವರೇ ಕೇಳಿ ಹೇಳಿಕಳಿಸಿದ್ದರು.

"ಸಾಬ್ರೇ, ನಾನೊಬ್ಬ ಬಿದ್ದಿದ್ದಕ್ಕೆ ವ್ಯಾಪಾರ ಚೆನ್ನಾಗ್ ಆಯ್ತು ಬುಡಿ!"

ಸಾಬರು ನಗುತ್ತ ಎದ್ದುಬಂದು, ಅವನಿಗೆ ತಮ್ಮ ಕುರ್ಚಿ ಕೊಟ್ಟರು. ಅವನು ಕೂರಲಿಲ್ಲ. "ಕೂತೂ ಕೂತೂ ಸಾಕಾಗೈತೆ," ಎಂದವನು ನಾಲಿಗೆ ಕಚ್ಚಿಕೊಂಡು ಅರ್ಷದ್‌ನ ಕಡೆ ನೋಡಿದ. ಅರ್ಷದ್, "ಹೇಳೋ, ನಂಗೂ ಸಾಕಾಗಿದೆ," ಎಂದು ನಕ್ಕುಬಿಟ್ಟ.

"ರಹಿಮಮ್ಮಾ, ಅವತ್ತು ಕೇಳಿದ್ ನೀರು ಇನ್ನೂ ಕೊಟ್ಟಿಲ್ವಲ್ಲ!" ಎಂದು ಕೂಗಿದ ಬೆಟ್ಟಸ್ವಾಮಿ.

ರಹಿಮಾ ಬೀ ಒಳಗಿನ ಮಡಕೆಯಿಂದ ದೊಡ್ಡ ಲೋಟದ ತುಂಬ ನೀರು ತಂದರು. ಅವನು ನಿಂತೇ, ಕತ್ತನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿ, ಗಟಗಟ ಕುಡಿದ. ಇಳಿಯುವ ಒಂದೊಂದು ಗುಟುಕನ್ನೂ ರಹಿಮಾ ಬೀ ನೋಡುತ್ತ ನಿಂತರು. ಸಿದ್ದಲಕ್ಷ್ಮಮ್ಮ ಬೇರೆ ಕಡೆ ತಿರುಗಿ ಕಣ್ಣೊರೆಸಿಕೊಂಡು, "ಇನ್ನೊಂದ್ ಸಲ ಮರ ಹತ್ತಲಿ, ನಾನೇ ಕತ್ತು ಮುರೀತೀನಿ," ಎಂದಳು.

ಅವರು ಹೋದ ಮೇಲೆ ಅರ್ಷದ್, "ಆಪಾ, ನಂಗೂ ಒಂದು ಲೋಟ," ಎಂದ.

ರಹಿಮಾ ಬೀ ಇನ್ನೊಂದು ಲೋಟ ತುಂಬಿ ತಂದು ಅವನ ಕೈಗಿತ್ತರು. ಹನ್ನೊಂದು ವರ್ಷ ಒಳಗಿಟ್ಟುಕೊಂಡ ಮಾತು ತಾನಾಗಿ ಹೊರಬಿತ್ತು.

"ಅರ್ಷದ್, ಅವತ್ತು ನಾನು ನಿನ್ನ ತಲೆ ಎತ್ತದೇ ಇದ್ದಿದ್ರೆ... ನೀರು ಕುಡಿಸದೇ ಇದ್ದಿದ್ರೆ..."

ಅರ್ಷದ್ ಲೋಟ ಕೆಳಗಿಟ್ಟು ಅಕ್ಕನ ಕಡೆ ತಿರುಗಿದ. ಈ ಹಲಗೆಯ ಹಿಂದೆ ಅಕ್ಕನ ಯಾವ ನೋವಿತ್ತು ಎಂಬುದು ಅವನಿಗೆ ಈಗಷ್ಟೇ ತಿಳಿದ ಹಾಗಿತ್ತು.

"ಆಪಾ, ನೀನು ಬರೋಕೆ ಮುಂಚೆನೇ ನಂಗೆ ಕಾಲು ಗೊತ್ತಾಗ್ತಿರಲಿಲ್ಲ. ನೆಲಕ್ಕೆ ಬಿದ್ದ ತಕ್ಷಣವೇ ಹೋಗಿತ್ತು. ಯಾರೋ ಮೊಣಕಾಲಿಂದ ರಕ್ತ ಬರ್ತಿದೆ ಅಂದ್ರು, ನಂಗೆ ನೋವೇ ಇರಲಿಲ್ಲ. ಆಮೇಲೆ ನೀನು ಬಂದೆ."

"ಯಾಕೋ ಹೇಳಲಿಲ್ಲ ಇಷ್ಟು ವರ್ಷ?"

"ನೀನು ಕೇಳಲೇ ಇಲ್ಲವಲ್ಲ."

ಲೋಟ ಎತ್ತಿ ಅರ್ಧ ಕುಡಿದು, ಉಳಿದರ್ಧವನ್ನು ಅಕ್ಕನ ಕೈಗಿತ್ತ. "ಅವತ್ತು ನೀನು ಕೊಟ್ಟ ನೀರೂ ಹಿಂಗೇ ತಣ್ಣಗಿತ್ತು," ಎಂದ. "ಕುಡಿ."

ರಹಿಮಾ ಬೀ ಅಲ್ಲೇ ಮರದ ಹೊಟ್ಟಿನ ಮೇಲೆ ಕುಳಿತು ಕುಡಿದರು.